ಕಡಿದರೆ ಮಾತ್ರ ಕೊಡುವ ಮರ

(ಗೊಬ್ಬರದ ಗಿಡದ ಬಗ್ಗೆ ನಾನು ಮಾಡಿದ ಒಂದು ಉಪನ್ಯಾಸದ ಬರಹ ರೂಪ ಇದು. ಮಾತಾಡುವಾಗ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ. ಸಭೆಯಲ್ಲಿ ಬಂದ ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಎರಡು ಕೊಂಬೆ ನಿಮ್ಮ ಕೈಗೆ ಕೊಡುತ್ತೇನೆ. ಒಂದು ಈಗ ತಾನೇ ಕಡಿದದ್ದು. ಇನ್ನೊಂದು ನಿನ್ನೆ ಕಡಿದು ನೆರಳಲ್ಲಿ ಬಾಡಿಸಿದ್ದು. ಎರಡರ ಎಲೆಯನ್ನೂ ಸ್ವಲ್ಪ ಹಿಸುಕಿ, ಮೂಸಿ ನೋಡಿ, ಆಮೇಲೆ ಹಿಂದಿನ ಸಾಲಿಗೆ ದಾಟಿಸಿ. ಹಸಿ ಎಲೆಯದ್ದು ಒಂಥರಾ ಘಾಟು, ಎಲ್ಲರಿಗೂ ಹಿಡಿಸುವಂಥದ್ದಲ್ಲ. ಬಾಡಿದ ಎಲೆ ಮೂಸಿದರೆ ಈಗಷ್ಟೇ ಕೊಯ್ದು ಒಣಗಲು ಹಾಕಿದ ಹುಲ್ಲಿನ ಸಿಹಿ ವಾಸನೆ ಬರುತ್ತದೆ. ಈ ಎರಡೂ ವಾಸನೆಯನ್ನು ನೆನಪಲ್ಲಿಡಿ. ಇಲಿ ಸಾಯುವುದಕ್ಕೂ, ದನ ಮೊದಲ ದಿನ ಮುಖ ತಿರುಗಿಸುವುದಕ್ಕೂ, ಹೃದಯದ ಕಾಯಿಲೆಗೆ ಕೊಡುವ ಒಂದು ಮಾತ್ರೆಗೂ ಇವುಗಳ ನಂಟಿದೆ. ಅಲ್ಲಿಗೆ ಆಮೇಲೆ ಬರೋಣ.

ಈ ಮರಕ್ಕೆ ಪುಸ್ತಕದ ಹೆಸರು ಗ್ಲಿರಿಸಿಡಿಯಾ ಸೆಪಿಯಂ. ಕನ್ನಡದಲ್ಲಿ ನಾವು ಸುಮ್ನೆ ಗೊಬ್ಬರದ ಗಿಡ ಅಂದುಬಿಟ್ಟಿದ್ದೇವೆ. ಸೊಪ್ಪು ಕಡಿದು ಮಣ್ಣಿಗೆ ಹಾಕುವ ಗಿಡ, ಅಷ್ಟೇ. ಆದರೆ ಬೇರೆ ಬೇರೆ ಕಡೆ ಜನ ಇದನ್ನು ಏನಂತ ಕರೆಯುತ್ತಾರೆ ನೋಡಿ. ಇದರ ಹುಟ್ಟೂರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಒಣ ಕಾಡುಗಳು. ಅಲ್ಲಿ ಸ್ಪ್ಯಾನಿಷ್‌ನಲ್ಲಿ ಒಂದು ಹೆಸರು 'ಮಾದ್ರೆ ದೆ ಕಕಾವ್', ಅಂದರೆ ಕೋಕೋದ ತಾಯಿ. ಎಳೆಯ ಕೋಕೋ ಗಿಡ ಬಿಸಿಲು ತಡೆಯುವುದಿಲ್ಲ, ಈ ಮರ ಅದಕ್ಕೆ ನೆರಳಾಗಿ ನಿಲ್ಲುತ್ತದೆ. ಇನ್ನೊಂದು ಹೆಸರು 'ಮಾತಾ ರತೋನ್', ಇಲಿ ಕೊಲ್ಲುವುದು. ಗ್ಲಿರಿಸಿಡಿಯಾ ಅನ್ನುವ ಲ್ಯಾಟಿನ್ ಹೆಸರಿನ ಅರ್ಥವೂ ಅದೇ. ಸೆಪಿಯಂ ಅಂದರೆ ಬೇಲಿಯದ್ದು. ನೆರಳು, ಇಲಿವಿಷ, ಬೇಲಿ, ಗೊಬ್ಬರ. ಯಾರಿಗೆ ಯಾವುದಕ್ಕೆ ಬೇಕಾಯಿತೋ ಅವರು ಆ ಹೆಸರಿಟ್ಟರು.

ಹಡಗು ಹತ್ತಿ ಇದು ದೂರ ಹೋಗಿದೆ. ಸ್ಪೇನ್‌ನವರ ಕಾಲದಲ್ಲಿ ಫಿಲಿಪ್ಪೀನ್ಸ್‌ಗೆ ಬಂತು, ಆಮೇಲೆ ಚಹಾ ತೋಟದ ನೆರಳಿಗೆ ಅಂತ ಶ್ರೀಲಂಕಾಗೆ, ಹಾಗೇ ಏಷ್ಯಾ, ಆಫ್ರಿಕಾದ ಬಿಸಿ ನಾಡುಗಳಿಗೆಲ್ಲ. ಇಂಡೋನೇಷ್ಯಾದಲ್ಲಿ ಇದು 'ಗಮಾಲ್'. ಒಳ್ಳೆಯ ಮಳೆ, ಮಣ್ಣು ಸಿಕ್ಕರೆ ಬೀಜದಿಂದ ಬಂದ ಸಸಿ ಮೊದಲ ವರ್ಷವೇ 3 ಮೀಟರ್ ಏರುತ್ತದೆ. ಪೂರ್ತಿ ಬೆಳೆಯಲು ಬಿಟ್ಟರೆ 10, 12 ಮೀಟರ್. ಒಣ ಕಾಲದಲ್ಲಿ ಎಲೆ ಉದುರಿಸಿ, ಬರಿ ಕೊಂಬೆಯ ತುಂಬಾ ತಿಳಿ ಗುಲಾಬಿ ಹೂ ಬಿಡುತ್ತದೆ. ಜೇನುನೊಣಗಳಿಗೆ ಅದು ಹಬ್ಬ. ನೋಡಲು ತುಂಬಾ ಚೆನ್ನ.

ಈಗ ನನ್ನ ಮುಖ್ಯ ಮಾತು. ಈ ಮರದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಉಪಯೋಗಗಳ ದೊಡ್ಡ ಪಟ್ಟಿ ಕೊಡುತ್ತಾರೆ. ಬೇಲಿ, ಮೇವು, ಗೊಬ್ಬರ, ಸೌದೆ, ನೆರಳು, ಆಸರೆ, ಕಂಬ. ಪಟ್ಟಿ ಸುಳ್ಳಲ್ಲ. ಆದರೆ ಆ ಪಟ್ಟಿ ನೋಡಿ ಗಿಡ ನೆಟ್ಟ ಎಷ್ಟೋ ಜನ ಐದು ವರ್ಷ ಆದಮೇಲೆ ಬಂದು, ಏನೂ ಪ್ರಯೋಜನ ಆಗಲಿಲ್ಲ, ಸುಮ್ಮನೆ ಜಾಗ ತಿಂತು ಅನ್ನುತ್ತಾರೆ. ಹೋಗಿ ನೋಡಿದರೆ ಮರ ಮನೆ ಎತ್ತರ ಬೆಳೆದು ನಿಂತಿರುತ್ತದೆ. ಒಮ್ಮೆಯೂ ಕತ್ತಿ ತಾಗಿರುವುದಿಲ್ಲ. ಕಡಿಯದಿದ್ದರೆ ಇದು ಒಂದು ಸಾಧಾರಣ ಮರ, ಅಷ್ಟೇ. ಕಡಿದರೆ ಮಾತ್ರ ಕೊಡುತ್ತದೆ. ಯಾವಾಗ ಕಡಿಯುತ್ತೀರಿ, ಎಷ್ಟು ಎತ್ತರಕ್ಕೆ, ಎಷ್ಟು ದಿನಕ್ಕೊಮ್ಮೆ, ಇದರ ಮೇಲೆ ಅದು ಮೇವಿನ ಗಿಡವೋ, ಗೊಬ್ಬರದ ಗಿಡವೋ, ಸೌದೆ ಮರವೋ ಅನ್ನುವುದು ನಿರ್ಧಾರ ಆಗುತ್ತದೆ. ಒಂದೇ ಗಿಡದಿಂದ ಎಲ್ಲವೂ ಒಟ್ಟಿಗೆ ಸಿಗುವುದಿಲ್ಲ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ಕಡಿದಾಗ ಗಿಡದೊಳಗೆ ಏನಾಗುತ್ತದೆ ಅಂತ ಸ್ವಲ್ಪ ನೋಡೋಣ. ಎಲೆ ಬಿಸಿಲಲ್ಲಿ ತಯಾರಿಸಿದ ಆಹಾರದಲ್ಲಿ ಒಂದು ಪಾಲು ಕಾಂಡದಲ್ಲಿ, ಬೇರಲ್ಲಿ ಪಿಷ್ಟವಾಗಿ ಕೂಡಿಟ್ಟಿರುತ್ತದೆ. ಮೇಲಿನದ್ದೆಲ್ಲ ಕತ್ತರಿಸಿದಾಗ ಗಿಡ ಆ ಉಳಿತಾಯವನ್ನು ಖರ್ಚು ಮಾಡಿ ತೊಗಟೆಯ ಕೆಳಗೆ ಮಲಗಿದ್ದ ಮೊಗ್ಗುಗಳನ್ನು ಎಬ್ಬಿಸುತ್ತದೆ. ಎರಡು ಮೂರು ವಾರಕ್ಕೆ ಕುಚ್ಚು ಕುಚ್ಚಾಗಿ ಚಿಗುರು. ಹೊಸ ಎಲೆ ಬಲಿತ ಮೇಲೆ ಮತ್ತೆ ಉಳಿತಾಯ ತುಂಬುತ್ತದೆ. ಅದು ತುಂಬುವ ಮೊದಲೇ ಮತ್ತೆ ಕಡಿದರೆ? ಒಂದು ಸಲ ತಡೆದುಕೊಳ್ಳುತ್ತದೆ, ಎರಡು ಸಲ ತಡೆದುಕೊಳ್ಳುತ್ತದೆ, ಆಮೇಲೆ ಚಿಗುರು ಸಣ್ಣಗಾಗಿ, ಬುಡ ಒಣಗುತ್ತದೆ. ಹಾಗಾಗಿ ಕಡಿಯದೇ ಬಿಡುವುದೂ ತಪ್ಪು, ಸಿಕ್ಕಿದಾಗಲೆಲ್ಲ ಕಡಿಯುವುದೂ ತಪ್ಪು. ನೆಟ್ಟ ಮೇಲೆ ಮೊದಲ 8ರಿಂದ 12 ತಿಂಗಳು ಮುಟ್ಟಬೇಡಿ. ಬೇರು ಇಳಿಯಲಿ.

ಬೇಲಿಯಿಂದ ಶುರು ಮಾಡುತ್ತೇನೆ. ಹೆಚ್ಚಿನವರಿಗೆ ಈ ಗಿಡದ ಪರಿಚಯ ಆಗುವುದೇ ಬೇಲಿಯಲ್ಲಿ. ಒಂದು ಗೂಟ ನೆಟ್ಟರೆ ಅದೇ ಮರವಾಗುತ್ತದೆ, ಇದಕ್ಕಿಂತ ಸುಲಭದ ಬೇಲಿ ಯಾವುದಿದೆ ಹೇಳಿ. ಆದರೆ ಗೂಟ ಯಾವುದು ಅನ್ನುವುದು ಮುಖ್ಯ. ಎಳೆಯ ಹಸಿರು ಟೊಂಗೆ ಕೊಳೆಯುತ್ತದೆ. ಕನಿಷ್ಠ ಆರು ತಿಂಗಳು ಬಲಿತು, ತೊಗಟೆ ಕಂದು ಬೂದು ಬಣ್ಣಕ್ಕೆ ತಿರುಗಿದ, ಹೆಬ್ಬೆರಳಿಗಿಂತ ದಪ್ಪಗಿನ ಕೊಂಬೆ ಬೇಕು. ಬೇಲಿಗೆ ಒಂದೂವರೆ, ಎರಡು ಮೀಟರ್ ಉದ್ದ ಇರಲಿ. ಕೆಳಗಿನ ತುದಿಯನ್ನು ಓರೆಯಾಗಿ ಕತ್ತರಿಸಿ, ತೊಗಟೆ ಸುಲಿಯದ ಹಾಗೆ, ಮಣ್ಣಿನೊಳಗೆ ಒಂದಡಿಗಿಂತ ಆಳಕ್ಕೆ ನೆಡಿ. ಕತ್ತಿ ಹರಿತ ಇರಲೇಬೇಕು. ಮೊಂಡು ಕತ್ತಿಯಲ್ಲಿ ಜಜ್ಜಿದ ತುದಿ ಬೇರು ಬಿಡುವ ಮೊದಲೇ ಕೊಳೆಯಲು ಶುರುವಾಗುತ್ತದೆ.

ಒಂದು ವರ್ಷ ನಾನು ಗೂಟ ಕಡಿದು, ಕೆಲಸದವರು ಸಿಗಲಿಲ್ಲ ಅಂತ ಬಿಸಿಲಲ್ಲೇ ವಾರಗಟ್ಟಲೆ ರಾಶಿ ಹಾಕಿದ್ದೆ. ಆಮೇಲೆ ನೆಟ್ಟದ್ದರಲ್ಲಿ ಅರ್ಧಕ್ಕರ್ಧ ಒಣಗಿಹೋಯಿತು. ಒಣಗಿದ್ದರಲ್ಲೂ ಕೆಲವು ಮೊದಲು ಚಿಗುರಿದ್ದವು, ಅದೇ ಮೋಸ. ಗೂಟದೊಳಗಿನ ಉಳಿತಾಯದಿಂದಲೇ ಎಲೆ ಬಂದುಬಿಡುತ್ತದೆ, ಕೆಳಗೆ ಬೇರು ಬಂದಿರುವುದೇ ಇಲ್ಲ. ಚಿಗುರು ನೋಡಿ ಬದುಕಿತು ಅಂದುಕೊಳ್ಳಬೇಡಿ. ಎರಡು ತಿಂಗಳು ಕಾಯಿರಿ. ಈಗ ನಾನು ಕಡಿದ ಗೂಟವನ್ನು ನೆರಳಲ್ಲಿ ಇಡುತ್ತೇನೆ, ಆದಷ್ಟು ಬೇಗ, ಮಣ್ಣು ಒದ್ದೆ ಇರುವಾಗಲೇ ನೆಡುತ್ತೇನೆ.

ಇಲ್ಲಿ ಇನ್ನೊಂದು ವಿಷಯ ಇದೆ. ಗೂಟದಿಂದ ಬಂದ ಗಿಡಕ್ಕೆ ಬೇರು ಮೇಲ್ಮೇಲೆ ಹರಡುತ್ತದೆ. ಬೀಜದ ಗಿಡಕ್ಕೆ ತಾಯಿಬೇರು ಆಳಕ್ಕೆ ಇಳಿಯುತ್ತದೆ. ಬೇಲಿಗೆ ಗೂಟ ಸಾಕು, ಬೇಗ ಎತ್ತರ ಸಿಗುತ್ತದೆ, ದನ ತುದಿ ಮೇಯಲು ಆಗುವುದಿಲ್ಲ. ಆದರೆ ಬೆಳೆಯ ಸಾಲಿನ ನಡುವೆ ಗೊಬ್ಬರಕ್ಕೆ ಅಂತ ನೆಡುವುದಾದರೆ, ಅಥವಾ ಗಾಳಿ ಜೋರಾಗಿರುವ, ಮಳೆ ಕಮ್ಮಿ ಇರುವ ಜಾಗವಾದರೆ, ದಯವಿಟ್ಟು ಬೀಜದಿಂದಲೇ ಮಾಡಿ. ಬೀಜಕ್ಕೆ ಬಿಸಿನೀರಿನ ಉಪಚಾರ ಏನೂ ಬೇಡ, ಸುಮಾರು ಒಂದು ವಾರದಲ್ಲಿ ಮೊಳೆಯುತ್ತದೆ. ಕಷ್ಟ ಇರುವುದು ಬೀಜ ಹಿಡಿಯುವುದರಲ್ಲಿ. ಕಾಯಿ ಒಣಗಿದಾಗ ಪಟ್ ಅಂತ ಸಿಡಿದು ಬೀಜವನ್ನು ಎಷ್ಟೋ ದೂರ ಎಸೆಯುತ್ತದೆ. ಕಾಯಿ ಹಸಿರಿನಿಂದ ಹಳದಿ ಕಂದಿಗೆ ತಿರುಗುವಾಗಲೇ ಕೊಯ್ದು, ಮೇಲೆ ಬಟ್ಟೆ ಮುಚ್ಚಿ ಒಣಗಿಸಬೇಕು. ಮತ್ತೆ, ಪದೇ ಪದೇ ಕಡಿಯುವ ಗಿಡದಲ್ಲಿ ಹೂವೇ ಬರುವುದಿಲ್ಲ, ಹೂ ಬರುವುದು ಹಳೆಯ ಕೊಂಬೆಯಲ್ಲಿ. ಬೀಜ ಬೇಕಾದರೆ ಒಂದು ಮೂಲೆಯಲ್ಲಿ ನಾಲ್ಕಾರು ಮರವನ್ನು ಕಡಿಯದೇ ಬಿಡಿ.

ಗೊಬ್ಬರದ ವಿಷಯಕ್ಕೆ ಬರೋಣ. ಇದು ಬಟಾಣಿ, ಅಲಸಂದೆಯ ಬಳಗದ ಮರ. ಬೇರಿನಲ್ಲಿ ಗಂಟುಗಳು, ಗಂಟಿನೊಳಗೆ ರೈಜೋಬಿಯಂ ಅನ್ನುವ ಬ್ಯಾಕ್ಟೀರಿಯಾ. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುವುದು ಅದರ ಕೆಲಸ. ಹಾಗಾಗಿ ಎಲೆಯಲ್ಲಿ ಸಾರಜನಕ ಜಾಸ್ತಿ, ಒಣ ತೂಕದಲ್ಲಿ ಶೇ. 3ರಿಂದ 4. ಒಂದು ಸಣ್ಣ ಲೆಕ್ಕ ಹಾಕೋಣ. 100 ಕಿಲೋ ಹಸಿ ಸೊಪ್ಪು ಕಡಿದಿರಿ ಅಂತಿಟ್ಟುಕೊಳ್ಳಿ. ನೀರು ಕಳೆದರೆ ಹೆಚ್ಚುಕಮ್ಮಿ ಕಾಲು ಭಾಗ ಉಳಿಯುತ್ತದೆ, 25 ಕಿಲೋ. ಅದರಲ್ಲಿ ಸಾರಜನಕ ಮುಕ್ಕಾಲು ಕಿಲೋದಿಂದ ಒಂದು ಕಿಲೋ. ಯೂರಿಯಾದಲ್ಲಿ ಶೇ. 46 ಸಾರಜನಕ ಇರುತ್ತದೆ, ಅಂದರೆ ಇದು ಸುಮಾರು 2 ಕಿಲೋ ಯೂರಿಯಾಕ್ಕೆ ಸಮ. ಕೇಳಲು ಕಮ್ಮಿ ಅನ್ನಿಸಬಹುದು. ಆದರೆ ಜೊತೆಗೆ 20 ಕಿಲೋಗೂ ಮೀರಿ ಒಣ ಸೊಪ್ಪು ಮಣ್ಣಿಗೆ ಸೇರಿತಲ್ವಾ, ಅದನ್ನು ಯಾವ ಚೀಲದಲ್ಲಿ ತರುತ್ತೀರಿ?

ಈ ಎಲೆ ಬಹಳ ಬೇಗ ಕೊಳೆಯುತ್ತದೆ. ಬೆಚ್ಚಗಿನ ಒದ್ದೆ ಮಣ್ಣಿನಲ್ಲಿ ಕೆಲವೇ ವಾರಕ್ಕೆ ಅರ್ಧ ಕರಗಿರುತ್ತದೆ. ಇದು ಒಳ್ಳೆಯದೂ ಹೌದು, ತೊಂದರೆಯೂ ಹೌದು. ಬೆಳೆ ಹಸಿದಿರುವ ಹೊತ್ತಿಗೆ ಸರಿಯಾಗಿ ಹಾಕಿದರೆ ಚೆನ್ನಾಗಿ ಸಿಗುತ್ತದೆ. ಬಿತ್ತನೆಗೆ ತಿಂಗಳುಗಟ್ಟಲೆ ಮೊದಲೇ ಹಾಕಿದರೆ ಮಳೆ ನೀರಿನ ಜೊತೆ ಕೆಳಗಿಳಿದು ಹೋಗುತ್ತದೆ. ಸೊಪ್ಪನ್ನು ಮೇಲೆ ಸುಮ್ನೆ ಹರಡಿ ಬಿಟ್ಟರೆ ಬಿಸಿಲಿಗೆ ಒಣಗಿ ಒಂದಷ್ಟು ಸಾರಜನಕ ಗಾಳಿಗೆ ಹೋಗುತ್ತದೆ, ಮಣ್ಣಿನಲ್ಲಿ ಮುಚ್ಚಿದರೆ ಉಳಿಯುತ್ತದೆ. ಮಣ್ಣಿನ ಮೇಲೆ ಬಹಳ ದಿನ ನಿಲ್ಲುವ ಹೊದಿಕೆ ಬೇಕು ಅನ್ನುವವರಿಗೆ ಇದೊಂದೇ ಸಾಲದು, ನಿಧಾನ ಕೊಳೆಯುವ ಒರಟು ಎಲೆಯನ್ನೋ ಹುಲ್ಲನ್ನೋ ಜೊತೆಗೆ ಬೆರೆಸಬೇಕು.

ಆಫ್ರಿಕಾದ ಮಲಾವಿ ದೇಶದ ದಕ್ಷಿಣದಲ್ಲಿ ಮಕೋಕಾ ಅಂತ ಒಂದು ಸಂಶೋಧನಾ ಕೇಂದ್ರ ಇದೆ. ಅಲ್ಲಿ 1990ರ ದಶಕದ ಶುರುವಿನಲ್ಲಿ ಮೆಕ್ಕೆಜೋಳದ ಸಾಲುಗಳ ನಡುವೆ ಈ ಗಿಡ ಹಾಕಿ, ವರ್ಷ ವರ್ಷವೂ ಅಳೆಯುತ್ತಾ ಹೋದರು. ಗಿಡವನ್ನು ಬುಡದ ಹತ್ತಿರಕ್ಕೆ ಕಡಿಯುವುದು, ಸೊಪ್ಪನ್ನು ಸಾಲಿನ ಮಣ್ಣಿಗೆ ಸೇರಿಸುವುದು, ಅದರ ಮೇಲೆ ಮೆಕ್ಕೆಜೋಳ. ಗೊಬ್ಬರವೇ ಹಾಕದ ಹೊಲಕ್ಕೆ ಹೋಲಿಸಿದರೆ ಇಳುವರಿ ಎರಡು ಪಟ್ಟಿಗೂ ಮೀರಿ ಬಂತು, ಅದೂ ಒಂದೆರಡು ವರ್ಷ ಅಲ್ಲ, ಹತ್ತು ವರ್ಷದ ಸರಾಸರಿಯಲ್ಲಿ. ನನಗೆ ಈ ಪ್ರಯೋಗದಲ್ಲಿ ತುಂಬಾ ಮುಖ್ಯ ಅನ್ನಿಸಿದ್ದು ಬೇರೆ. ಮೊದಲ ಒಂದೆರಡು ವರ್ಷ ಹೇಳಿಕೊಳ್ಳುವ ವ್ಯತ್ಯಾಸ ಕಾಣುವುದಿಲ್ಲ, ಗಿಡ ಇನ್ನೂ ಸಣ್ಣದು. ಮೂರನೇ ವರ್ಷದ ಹೊತ್ತಿಗೆ ಏರಲು ಶುರುವಾಗುತ್ತದೆ. ಎಷ್ಟೋ ಜನ ಎರಡನೇ ವರ್ಷಕ್ಕೇ ಕಿತ್ತು ಹಾಕುತ್ತಾರೆ, ಅದು ನೋಡಿ ಹೊಟ್ಟೆ ಉರಿಯುತ್ತದೆ.

ಸಾಲಿನ ನಡುವೆ ಮರ ಇದ್ದರೆ ಬೆಳೆಗೆ ನೆರಳಾಗುವುದಿಲ್ಲವಾ, ನೀರಿಗೆ ಪೈಪೋಟಿ ಆಗುವುದಿಲ್ಲವಾ? ಆಗುತ್ತದೆ. ಕಡಿಯದಿದ್ದರೆ ಖಂಡಿತ ಆಗುತ್ತದೆ. ಬಿತ್ತುವ ಹೊತ್ತಿಗೆ ಕಡಿದರೆ ಗಿಡದ ಸಣ್ಣ ಬೇರುಗಳಲ್ಲಿ ಒಂದಷ್ಟು ಸಾಯುತ್ತವೆ, ಅವುಗಳ ಗಂಟಿನಲ್ಲಿದ್ದ ಸಾರಜನಕವೂ ಮಣ್ಣಿಗೆ ಸೇರುತ್ತದೆ. ಗಿಡ ಮತ್ತೆ ಚೇತರಿಸಿಕೊಳ್ಳುವಷ್ಟರಲ್ಲಿ ಬೆಳೆ ಮೇಲೆ ಬಂದಿರುತ್ತದೆ. ಇನ್ನೊಂದು ಎಚ್ಚರಿಕೆ. ಸಾರಜನಕ ಗಾಳಿಯಿಂದ ಬರುತ್ತದೆ, ರಂಜಕ ಗಾಳಿಯಿಂದ ಬರುವುದಿಲ್ಲ. ಮಣ್ಣಿನಲ್ಲಿ ರಂಜಕ ಕಮ್ಮಿ ಇದ್ದರೆ ಈ ಮರ ಅದನ್ನು ಎಲ್ಲಿಂದಲೂ ತಂದುಕೊಡುವುದಿಲ್ಲ, ಇದ್ದದ್ದನ್ನೇ ಎಲೆಗೆ ಎಳೆದು ಮತ್ತೆ ನೆಲಕ್ಕೆ ಹಾಕುತ್ತದೆ ಅಷ್ಟೇ. ಗೊಬ್ಬರದ ಗಿಡ ಇದ್ದರೆ ಬೇರೇನೂ ಬೇಡ ಅನ್ನುವ ಮಾತನ್ನು ನಂಬಬೇಡಿ.

ಈಗ ಆ ವಾಸನೆ. ಕೊಂಬೆ ಹಿಂದಿನ ಸಾಲಿಗೆ ತಲುಪಿದೆ ಅಂದುಕೊಳ್ಳುತ್ತೇನೆ. ಆ ಸಿಹಿ ವಾಸನೆಯ ಹೆಸರು ಕೂಮರಿನ್. ಎಲೆ ಬಾಡಿದಾಗ ಅದು ಚೆನ್ನಾಗಿ ಮೂಗಿಗೆ ಬರುತ್ತದೆ. ಮಧ್ಯ ಅಮೆರಿಕದ ರೈತರು ಈ ಮರದ ತೊಗಟೆಯನ್ನೋ ಎಲೆಯನ್ನೋ ಧಾನ್ಯದ ಜೊತೆ ಬೇಯಿಸಿ, ಹುಳಿಯಲು ಬಿಟ್ಟು, ಇಲಿಗೆ ಇಡುತ್ತಿದ್ದರು. ಬೇಯಿಸಿದ ಕೂಡಲೇ ಇಟ್ಟರೆ ಅಷ್ಟು ಕೆಲಸ ಮಾಡುವುದಿಲ್ಲ, ಹುಳಿಯಬೇಕು. ಯಾಕೆ ಅಂತ ಗೊತ್ತಾಗಿದ್ದು ಬೇರೆಯೇ ಒಂದು ಗಿಡದಿಂದ, ಬೇರೆಯೇ ಒಂದು ಜಾಗದಲ್ಲಿ.

1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರ ಭಾಗದಲ್ಲಿ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೇ ಸಾಯಲು ಶುರುವಾದವು. ಫ್ರ್ಯಾಂಕ್ ಸ್ಕೋಫೀಲ್ಡ್ ಅನ್ನುವ ಪಶುವೈದ್ಯರು ಕಾರಣ ಹಿಡಿದರು. ಸ್ವೀಟ್ ಕ್ಲೋವರ್ ಅನ್ನುವ ಮೇವು ಬೂಷ್ಟು ಹಿಡಿದಾಗ ಹೀಗಾಗುತ್ತಿತ್ತು. ಆ ಮೇವಿನಲ್ಲೂ ಇದೇ ಕೂಮರಿನ್ ಇದೆ. 1933ರ ಫೆಬ್ರವರಿಯಲ್ಲಿ, ಹಿಮಗಾಳಿಯ ನಡುವೆ, ಒಬ್ಬ ರೈತ ಸತ್ತ ಕರುವನ್ನೂ, ಹಾಲಿನ ಕ್ಯಾನಿನಲ್ಲಿ ಹೆಪ್ಪುಗಟ್ಟದ ರಕ್ತವನ್ನೂ, ಒಂದಷ್ಟು ಬೂಷ್ಟು ಮೇವನ್ನೂ ಗಾಡಿಗೆ ಹಾಕಿಕೊಂಡು ಸುಮಾರು 300 ಕಿಲೋಮೀಟರ್ ದೂರದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಬಂದ. ಅಲ್ಲಿ ಕಾರ್ಲ್ ಪಾಲ್ ಲಿಂಕ್ ಅನ್ನುವ ರಸಾಯನ ವಿಜ್ಞಾನಿ ಆ ರಕ್ತ ನೋಡಿ ಕೆಲಸಕ್ಕೆ ಕೂತರು. 1939ರಲ್ಲಿ ಅವರ ತಂಡ ಆ ವಿಷವನ್ನು ಬೇರ್ಪಡಿಸಿತು. ಅದು ಡೈಕೂಮರಾಲ್. ಬೂಷ್ಟು, ಬ್ಯಾಕ್ಟೀರಿಯಾಗಳು ಕೂಮರಿನ್‌ನಿಂದ ತಯಾರಿಸುವ ವಸ್ತು. ದೇಹದಲ್ಲಿ ವಿಟಮಿನ್ ಕೆ ಮಾಡುವ ಕೆಲಸವನ್ನು ಇದು ತಡೆಯುತ್ತದೆ, ಹಾಗಾಗಿ ರಕ್ತ ಹೆಪ್ಪುಗಟ್ಟುವುದಿಲ್ಲ. ಇದೇ ಜಾಡಿನಲ್ಲಿ ಮುಂದೆ ಹೋಗಿ ತಯಾರಿಸಿದ್ದು ವಾರ್ಫರಿನ್. 1948ರಲ್ಲಿ ಅದು ಇಲಿ ಪಾಷಾಣವಾಗಿ ಬಂತು, 1954ರಿಂದ ಮನುಷ್ಯರ ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧಿ ಆಯಿತು. ಹುಳಿಸಿದ ಧಾನ್ಯ ಇಟ್ಟು ಇಲಿ ಕೊಲ್ಲುತ್ತಿದ್ದ ರೈತರು ಪ್ರಯೋಗಾಲಯ ಇಲ್ಲದೇ ಅದೇ ದಾರಿಯಲ್ಲಿ ನಡೆದಿದ್ದರು. ನನಗೆ ಅವರ ಬಗ್ಗೆ ತುಂಬಾ ಗೌರವ.

ಈ ಕಥೆ ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣ ಇದೆ. ಇದೇ ಸೊಪ್ಪನ್ನು ನಾವು ದನಕ್ಕೆ, ಆಡಿಗೆ ಹಾಕುತ್ತೇವಲ್ವಾ? ಒಳ್ಳೆಯ ಮೇವು, ಒಣ ತೂಕದಲ್ಲಿ ಶೇ. 20ರ ಮೇಲೆ ಪ್ರೋಟೀನ್. ಆದರೆ ಹಸಿ ಎಲೆಯ ಘಾಟಿಗೆ ದನ ಮೊದಲು ಮೂಸಿ ಬಿಟ್ಟುಬಿಡುತ್ತದೆ. ಅಲ್ಲಿಗೇ ಎಷ್ಟೋ ಜನ ಕೈಬಿಡುತ್ತಾರೆ. ಒಂದು ದಿನ ಬಾಡಿಸಿ ಕೊಡಿ, ರೂಢಿಯ ಹುಲ್ಲಿನ ಜೊತೆ ಸ್ವಲ್ಪ ಬೆರೆಸಿ ಕೊಡಿ, ಒಂದೆರಡು ವಾರ ಬಿಡದೇ ಮಾಡಿ. ಒಂದು ರುಚಿ ಕಂಡರೆ ಉಳಿದವೂ ನೋಡಿ ಕಲಿಯುತ್ತವೆ. ಒಟ್ಟು ಮೇವಿನಲ್ಲಿ ಕಾಲು ಭಾಗ, ಹೆಚ್ಚೆಂದರೆ ಮೂರರಲ್ಲಿ ಒಂದು ಭಾಗ, ಅಷ್ಟು ಸಾಕು. ಈ ಪ್ರಮಾಣ ಮೆಲುಕು ಹಾಕುವ ಪ್ರಾಣಿಗಳಿಗೆ ಮಾತ್ರ. ಕುದುರೆಗೆ ಇದು ವಿಷ, ಹತ್ತಿರವೂ ತರಬೇಡಿ. ಕೋಳಿ, ಹಂದಿಗೆ ಜಾಸ್ತಿ ಆಗಬಾರದು. ಬಾಡಿಸುವುದು ಅಂದರೆ ನೆರಳಲ್ಲಿ ತೆಳುವಾಗಿ ಹರಡುವುದು. ರಾಶಿ ಹಾಕಿ ಬಿಸಿಯೇರಿ ಬೂಷ್ಟು ಹಿಡಿದ ಸೊಪ್ಪನ್ನು ಯಾವ ಪ್ರಾಣಿಗೂ ಕೊಡಬೇಡಿ. ಯಾಕೆ ಅಂತ ಈಗ ನಿಮಗೆ ಗೊತ್ತು.

ಮೇವಿಗಾದರೆ ಮಳೆಗಾಲದಲ್ಲಿ ಆರೆಂಟು ವಾರಕ್ಕೊಮ್ಮೆ, ಒಣಕಾಲದಲ್ಲಿ ಮೂರು ತಿಂಗಳಿಗೊಮ್ಮೆ ಕಡಿಯಬಹುದು. ಮಳೆ ಮುಗಿಯುವ ಹೊತ್ತಿಗೆ ಒಂದು ಸಲ ಕಡಿದುಬಿಟ್ಟರೆ, ಆಮೇಲೆ ಬಂದ ಎಳೆ ಚಿಗುರು ಒಣಕಾಲದಲ್ಲೂ ಉದುರದೇ ನಿಲ್ಲುತ್ತದೆ. ಕಡಿಯದ ಮರ ಅದೇ ಹೊತ್ತಿಗೆ ಎಲೆ ಉದುರಿಸಿ ಹೂ ಬಿಡಲು ಹೊರಡುತ್ತದೆ, ಮೇವು ಬೇಕಾದಾಗ ಬರಿ ಕೊಂಬೆ. ಬಾಲಿ ದ್ವೀಪದ ಒಣ ಭಾಗದಲ್ಲಿ ಇದನ್ನು ಚೆನ್ನಾಗಿ ಜೋಡಿಸಿದ್ದಾರೆ. ಮೂರು ಅಂತಸ್ತಿನ ಮೇವು ಅನ್ನುತ್ತಾರೆ. ನೆಲದಲ್ಲಿ ಹುಲ್ಲು ಮತ್ತು ದ್ವಿದಳ ಬಳ್ಳಿ, ಅದು ಮಳೆಗಾಲಕ್ಕೆ. ಬದುವಿನಲ್ಲಿ ಗ್ಲಿರಿಸಿಡಿಯಾದಂಥ ಗಿಡ, ಅದು ಮಳೆ ನಿಂತ ಮೇಲಿನ ತಿಂಗಳುಗಳಿಗೆ. ಅತ್ತಿಯ ಜಾತಿಯ ದೊಡ್ಡ ಮರ ಕಡು ಒಣಕಾಲಕ್ಕೆ. ಒಂದೇ ಗಿಡದ ಮೇಲೆ ವರ್ಷದ ಭಾರ ಹೊರಿಸಿಲ್ಲ. ಇದು ನನಗೆ ಬಹಳ ಹಿಡಿಸಿದ ಯೋಚನೆ.

ಸೌದೆಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕಟ್ಟಿಗೆ ಗಟ್ಟಿ, ತೂಕ ಇದೆ, ನಿಧಾನ ಉರಿಯುತ್ತದೆ, ಹೊಗೆ ಕಮ್ಮಿ. ಬಲಿತ ಕಾಂಡದ ತಿರುಳಿಗೆ ಗೆದ್ದಲು ಸುಲಭವಾಗಿ ಹತ್ತುವುದಿಲ್ಲ, ಕಂಬಕ್ಕೆ, ಉಪಕರಣದ ಹಿಡಿಗೆ ಆಗುತ್ತದೆ. ಶ್ರೀಲಂಕಾದಲ್ಲಿ ಇದರ ಕಟ್ಟಿಗೆ ಉರಿಸಿ ವಿದ್ಯುತ್ ಮಾಡುವ ಕೆಲಸ ಶುರುವಾಯಿತು. ಚಹಾ, ರಬ್ಬರ್, ತೆಂಗು ಆದಮೇಲೆ ನಾಲ್ಕನೇ ತೋಟದ ಬೆಳೆ ಅಂತ ಅಲ್ಲಿನ ಸರ್ಕಾರ ಇದನ್ನೇ ಘೋಷಿಸಿತು. ಆದರೆ ಸೌದೆಗೆ ಅಂದರೆ ಕೊಂಬೆ ದಪ್ಪ ಆಗಬೇಕು, ಒಂದು ವರ್ಷವಾದರೂ ಬಿಡಬೇಕು. ಆರು ವಾರಕ್ಕೊಮ್ಮೆ ಸೊಪ್ಪು ಕೊಯ್ಯುವ ಗಿಡದಿಂದ ಸೌದೆ ಕೇಳಬೇಡಿ.

ಕರಿಮೆಣಸು, ವೆನಿಲ್ಲಾ ಬಳ್ಳಿಗೆ ಆಸರೆಯಾಗಿಯೂ ಹಾಕುತ್ತಾರೆ. ಅಲ್ಲಿ ಮೇಲಿನ ಕೊಡೆಯನ್ನು ಮಾತ್ರ ಸವರಬೇಕು, ಕಾಂಡ ನಿಲ್ಲಬೇಕು. ಗಿಡದ ಬುಡದಲ್ಲೇ ಬೀಳುವ ಸೊಪ್ಪು ಬಳ್ಳಿಗೆ ಗೊಬ್ಬರ. ಕೋಕೋ, ಕಾಫಿಯ ನೆರಳಿಗೂ ಇದೇ ರೀತಿ.

ಇನ್ನು ಕುಂದುಗಳು. ಹಿಮ ಬೀಳುವ ಕಡೆ, ಚಳಿ ಜಾಸ್ತಿ ಇರುವ ಎತ್ತರದಲ್ಲಿ ಇದು ಬರುವುದಿಲ್ಲ. ನೀರು ನಿಲ್ಲುವ ಜಾಗವೂ ಆಗದು. ಎಳೆ ಚಿಗುರಿಗೆ ಕಪ್ಪು ಗಿಡಹೇನು ಹತ್ತುತ್ತದೆ, ಅಲಸಂದೆಗೆ ಬರುವ ಅದೇ ಹೇನು, ಎಲೆಯ ಮೇಲೆ ಅಂಟು ಸುರಿದು ಕಪ್ಪು ಬೂಷ್ಟು ಕೂರುತ್ತದೆ. ಅಲಸಂದೆ ಹೊಲದ ಪಕ್ಕ ಬೇಲಿ ಇದ್ದರೆ ಕಣ್ಣಿಟ್ಟಿರಿ.

ಇನ್ನೊಂದು ಕುಂದು ಮರದ್ದಲ್ಲ, ನಮ್ಮದು. ಸುಬಾಬುಲ್ ಅಂತ ಮೇವಿಗೆ, ಸೌದೆಗೆ ನೆಡುವ ಇನ್ನೊಂದು ಮರ ಇದೆ. 1980ರ ದಶಕದ ನಡುವೆ ಅದಕ್ಕೆ ಒಂದು ಸಣ್ಣ ಜಿಗಿಹುಳು ಬಂತು. ಹವಾಯಿ, ಫಿಲಿಪ್ಪೀನ್ಸ್, ಇಂಡೋನೇಷ್ಯಾ, ಹೀಗೆ ದಾಟುತ್ತಾ ಎಲ್ಲೆಡೆ ಎಲೆ ಬೋಳಿಸಿತು. ಅದರ ಮೊದಲು ಎಲ್ಲರೂ ಸುಬಾಬುಲ್ ಒಂದನ್ನೇ ಹೊಗಳಿ ನೆಟ್ಟಿದ್ದರು. ಆಮೇಲೆ ಎಲ್ಲರ ಕಣ್ಣು ಗ್ಲಿರಿಸಿಡಿಯಾದ ಮೇಲೆ ಬಿತ್ತು. ನಾವೂ ಈಗ ಅದೇ ತಪ್ಪು ಮಾಡುತ್ತಿದ್ದೇವಾ ಅನ್ನಿಸುತ್ತದೆ. ಒಬ್ಬರ ಬೇಲಿಯಿಂದ ಗೂಟ ಕಡಿದು ಇನ್ನೊಬ್ಬರು, ಅವರಿಂದ ಮತ್ತೊಬ್ಬರು. ಕೊನೆಗೆ ಒಂದು ಪ್ರದೇಶಕ್ಕೆಲ್ಲ ನಾಲ್ಕೈದು ಮರದ ತುಂಡುಗಳೇ ಇರುತ್ತವೆ. ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬರುತ್ತದೆ. ಆಕ್ಸ್‌ಫರ್ಡ್‌ನ ಅರಣ್ಯ ವಿಜ್ಞಾನಿಗಳು 1980ರ ದಶಕದಲ್ಲಿ ಹುಟ್ಟೂರಿನ ಬೇರೆ ಬೇರೆ ಕಾಡುಗಳಿಂದ ಬೀಜ ತಂದು ಹಲವು ದೇಶಗಳಲ್ಲಿ ಹೋಲಿಸಿ ನೋಡಿದಾಗ ಬೆಳವಣಿಗೆಯಲ್ಲಿ ದೊಡ್ಡ ವ್ಯತ್ಯಾಸ ಕಂಡಿತು. ಗ್ವಾಟೆಮಾಲಾದ ರೆಟಲುಲೆಯು ಅನ್ನುವ ಜಾಗದ ಬೀಜ ಎಷ್ಟೋ ಕಡೆ ಮುಂದೆ ನಿಂತಿತು. ಅಂದರೆ ನಮ್ಮ ಬೇಲಿಯಲ್ಲಿರುವುದು ಈ ಜಾತಿಯ ಪೂರ್ತಿ ಶಕ್ತಿ ಅಲ್ಲ. ಬೀಜದ ಗಿಡ ಮಾಡಿ ಅಂತ ನಾನು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಮುಂದಿನವು ಸಭೆಯಲ್ಲಿ ಬಂದ ಪ್ರಶ್ನೆಗಳು.

ಸುಬಾಬುಲ್ ಹಾಗೆ ಇದೂ ಹರಡಿ ಕಳೆಯಾಗುವುದಿಲ್ಲವಾ ಅಂತ ಒಬ್ಬರು ಕೇಳಿದರು. ಸುಬಾಬುಲ್ ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜಾತಿಗಳ ಪಟ್ಟಿಯಲ್ಲಿ ಇದೆ, ಗ್ಲಿರಿಸಿಡಿಯಾ ಆ ಪಟ್ಟಿಯಲ್ಲಿ ಇಲ್ಲ. ಆದರೂ ಬೀಜ ಸಿಡಿಯುವ ಮರ ಇದು. ಕಾಡಿನ ಅಂಚಿನಲ್ಲಿ, ಹಳ್ಳದ ಪಕ್ಕದಲ್ಲಿ ನೆಟ್ಟರೆ ಹೂ ಬಿಡುವ ಮೊದಲೇ ಕಡಿಯುತ್ತಾ ಇರಿ. ಕಡಿದ ಗಿಡದಲ್ಲಿ ಬೀಜ ಇಲ್ಲ.

ಮೊದಲ ಸಲ ನೆಡುವವರು ಯಾವ ಉಪಯೋಗ ಆರಿಸಿಕೊಳ್ಳಬೇಕು ಅಂತ ಇನ್ನೊಬ್ಬರು. ಸಾಲು ಸಾಲನ್ನೇ ಬೇರೆ ಮಾಡಿ ಅಂದೆ. ಬೇಲಿಯದ್ದು ವರ್ಷಕ್ಕೊಮ್ಮೆ ಕಡಿಯುವ ಸೌದೆಗೆ ಇರಲಿ, ಕೊಟ್ಟಿಗೆ ಹತ್ತಿರದ ಒಂದು ಸಾಲು ಮೇವಿಗೆ, ಬೆಳೆಯ ನಡುವಿನದ್ದು ಗೊಬ್ಬರಕ್ಕೆ. ಇವತ್ತು ಮೇವಿಗೆ ಒಯ್ದ ಸೊಪ್ಪು ನಾಳೆ ಮಣ್ಣಿಗೆ ಸಿಗುವುದಿಲ್ಲ. ದನದ ಸಗಣಿ, ಗಂಜಲವನ್ನು ವಾಪಸ್ ಹೊಲಕ್ಕೆ ತಂದರೆ ಒಂದು ಪಾಲು ಸಿಗುತ್ತದೆ, ಅಷ್ಟೇ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ. ಹತ್ತು ವರ್ಷದಿಂದ ಮುಟ್ಟದೇ ಬಿಟ್ಟ ಮರಗಳಿವೆ, ಈಗ ಕಡಿದರೆ ಸತ್ತುಹೋಗುತ್ತವಾ ಅಂತ ಕೇಳಿದರು. ಹಳೆಯ ಮರವೂ ಚಿಗುರುತ್ತದೆ. ನಾನು ಮಾಡುವುದು ಹೀಗೆ: ಒಣಕಾಲದ ಕೊನೆಯಲ್ಲಿ, ಮಳೆ ಶುರುವಾಗುವ ಸ್ವಲ್ಪ ಮೊದಲು, ಎದೆ ಎತ್ತರಕ್ಕೆ ಕಡಿಯುತ್ತೇನೆ. ಕಡಿದ ಮುಖ ಓರೆ ಇರಬೇಕು, ನೀರು ನಿಲ್ಲಬಾರದು. ಒಂದು ಸಣ್ಣ ಕೊಂಬೆಯನ್ನು ಎಲೆ ಸಮೇತ ಹಾಗೇ ಉಳಿಸುತ್ತೇನೆ, ಬೇರಿಗೆ ಒಂದಷ್ಟು ಆಹಾರ ಹೋಗುತ್ತಿರಲಿ ಅಂತ. ಚಿಗುರು ಮೊಣಕೈ ಉದ್ದ ಆದಮೇಲೆ ಆ ಕೊಂಬೆಯನ್ನೂ ತೆಗೆಯುತ್ತೇನೆ. ಬಂದ ಚಿಗುರುಗಳಲ್ಲಿ ಗಟ್ಟಿಯಾಗಿ ಕೂತ ನಾಲ್ಕೈದನ್ನು ಬಿಟ್ಟು ಉಳಿದದ್ದನ್ನು ಕೈಯಲ್ಲೇ ಮುರಿದು ಬುಡಕ್ಕೆ ಹಾಕುತ್ತೇನೆ. ಮತ್ತೆ ಎಂಟು ತಿಂಗಳು ಕತ್ತಿ ಮುಟ್ಟಿಸುವುದಿಲ್ಲ. ಕಡಿದ ಹಳೆಯ ದಪ್ಪ ಕೊಂಬೆಗಳನ್ನು ಎಸೆಯಬೇಡಿ ಅಂದೆ, ನೇರ ಇರುವುದನ್ನು ಅವತ್ತೇ ಗೂಟ ಮಾಡಿ ನೆಟ್ಟುಬಿಡಿ.